ಕ್ರೈಸ್ತರ ಒಗ್ಗಟ್ಟು ಎಂದರೇನು? ಗುಬ್ಬಿಯ ಮಿಷನ್‌ನಿಂದ ಮತಾಂತರ ನಿಷೇಧ ಕಾಯ್ದೆಯವರೆಗೆ ಒಂದು ವಿವರಣೆ

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಜಗತ್ತಿನ ಅನೇಕ ಚರ್ಚುಗಳಲ್ಲಿ ‘ಕ್ರೈಸ್ತ ಐಕ್ಯತೆಗಾಗಿ ಪ್ರಾರ್ಥನಾ ವಾರ’ ನಡೆಯುತ್ತದೆ. ನಮ್ಮಲ್ಲೂ ದೊಡ್ಡ ಊರುಗಳಲ್ಲಿ ಕ್ಯಾಥೊಲಿಕ್ ಫಾದರ್ ಸಿಎಸ್‌ಐ ಚರ್ಚಿಗೆ ಬರುತ್ತಾರೆ, ಸಿಎಸ್‌ಐ ಸಭಾಪಾಲಕರು ಅಲ್ಲಿಗೆ ಹೋಗುತ್ತಾರೆ. ಕೈ ಕುಲುಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಉಳಿದ 51 ವಾರ ಏನಾಗುತ್ತೆ ಅನ್ನೋದು ನಿಜವಾದ ಪ್ರಶ್ನೆ.

ನಾನು ತುಮಕೂರು ತಾಲ್ಲೂಕಿನ ಬೆಳ್ಳಾವಿ ಕಡೆಯವನು, ಸಿಎಸ್‌ಐ ಮನೆಯವನು. ಇದನ್ನು ಮೊದಲೇ ಹೇಳಲು ಕಾರಣವಿದೆ. ಮಂಗಳೂರು, ಬೆಂಗಳೂರಿನಂಥ ಕಡೆ ಕ್ರೈಸ್ತರು ತಮ್ಮ ತಮ್ಮ ಪಂಗಡದ ಚರ್ಚಿನೊಳಗೇ ಇಡೀ ಜೀವನ ಕಳೆಯಬಹುದು. ಪಕ್ಕದ ಬೀದಿಯ ಇನ್ನೊಂದು ಪಂಗಡದ ಪರಿಚಯವೇ ಬೇಕಾಗುವುದಿಲ್ಲ. ನಮ್ಮಂಥ ಹೋಬಳಿಗಳಲ್ಲಿ ಹಾಗಲ್ಲ. ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲೇ ಒಂದು ಮನೆಯವರು ಭಾನುವಾರ ತುಮಕೂರಿನ ಬಸ್ಸು ಹತ್ತುತ್ತಾರೆ, ಇನ್ನೊಂದು ಮನೆಯವರು ಶೀಟಿನ ಕೆಳಗೆ ಹತ್ತು ಜನ ಕೂತು ಪ್ರಾರ್ಥನೆ ಮಾಡುತ್ತಾರೆ. ಒಗ್ಗಟ್ಟು ಇದೆಯೋ ಇಲ್ಲವೋ ಅನ್ನೋದು ಇಲ್ಲಿ ಬೇಗ ಗೊತ್ತಾಗುತ್ತೆ.

ಎಣಿಕೆಯಲ್ಲಿ ಒಂದು, ಬದುಕಿನಲ್ಲಿ ಹಲವು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ಅಂದರೆ ರಾಜ್ಯದ ಜನಸಂಖ್ಯೆಯ ಶೇ. 1.87. ಸರ್ಕಾರಿ ಕಾಗದದಲ್ಲಿ ಇದು ಒಂದೇ ಕಾಲಂ. ಹೊರಗಿನಿಂದ ನೋಡುವವರಿಗೂ ಎಲ್ಲರೂ ‘ಚರ್ಚಿನವರು’ ಅಷ್ಟೇ.

ಒಳಗೆ ಬಂದರೆ ಚಿತ್ರ ಬೇರೆ. ತುಮಕೂರು ಜಿಲ್ಲೆಯ ಕ್ಯಾಥೊಲಿಕರು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರುತ್ತಾರೆ. ಸಿಎಸ್‌ಐನವರು, ಅಂದರೆ ದಕ್ಷಿಣ ಭಾರತ ಸಭೆಯವರು, ಕರ್ನಾಟಕ ಸೆಂಟ್ರಲ್ ಡಯಾಸಿಸ್‌ಗೆ. ಬೀದರ್, ಕೋಲಾರದ ಕಡೆ ಹೋದರೆ ಅಮೆರಿಕನ್ ಮಿಷನರಿಗಳು ಕಟ್ಟಿದ ಮೆಥಡಿಸ್ಟ್ ಚರ್ಚಿದೆ. ಇವರ ಜೊತೆಗೆ ಪೆಂಟೆಕೋಸ್ಟಲ್ ಸಭೆಗಳು, ಬ್ರದರನ್ ಸಭೆಗಳು, ಯಾವ ದೊಡ್ಡ ಸಂಸ್ಥೆಗೂ ಸೇರದ ಸ್ವತಂತ್ರ ಪ್ರಾರ್ಥನಾಲಯಗಳು. ಕರಾವಳಿಯಲ್ಲಿ ಕೊಂಕಣಿ ಕ್ಯಾಥೊಲಿಕರು, ಮಲಯಾಳಂ ಮೂಲದ ಸಿರಿಯನ್ ಸಭೆಗಳು.

ಭಾಷೆಯಲ್ಲೇ ಈ ಗೋಡೆ ಕೇಳಿಸುತ್ತದೆ. ನಮ್ಮ ಸತ್ಯವೇದದ ‘ಯೋಹಾನ’ ಕ್ಯಾಥೊಲಿಕರ ಗ್ರಂಥದಲ್ಲಿ ‘ಯೊವಾನ್ನ’. ನಾವು ‘ಸುವಾರ್ತೆ’ ಅನ್ನುವುದನ್ನು ಅವರು ‘ಶುಭಸಂದೇಶ’ ಅನ್ನುತ್ತಾರೆ. ನಮ್ಮದು ಆರಾಧನೆ, ಅವರದು ಬಲಿಪೂಜೆ. ಪೆಂಟೆಕೋಸ್ಟಲ್ ಸಭೆಯವರು ಎದುರಾದರೆ ‘ಸ್ತೋತ್ರ’ ಅಂತ ವಂದಿಸುತ್ತಾರೆ. ಒಂದೇ ಗ್ರಂಥ, ಒಬ್ಬನೇ ಕ್ರಿಸ್ತ, ಅದೇ ಕನ್ನಡ. ಆದರೂ ಬಾಯಿ ಬಿಟ್ಟ ಕೂಡಲೇ ಇವರು ಯಾವ ಕಡೆಯವರು ಅಂತ ಗೊತ್ತಾಗಿಬಿಡುತ್ತೆ.

ಪಾಲು ಮಾಡಿಕೊಂಡ ಊರುಗಳು

ಈ ಹಲವುತನಕ್ಕೆ ನಂಬಿಕೆಯ ಭೇದ ಒಂದು ಕಾರಣ. ಇನ್ನೊಂದು ಕಾರಣ ನಕಾಶೆ. 19ನೇ ಶತಮಾನದಲ್ಲಿ ಪ್ರಾಟೆಸ್ಟೆಂಟ್ ಮಿಷನ್‌ಗಳು ಒಬ್ಬರ ಸೀಮೆಗೆ ಇನ್ನೊಬ್ಬರು ನುಗ್ಗದಂತೆ ಹೆಚ್ಚುಕಡಿಮೆ ಪ್ರದೇಶ ಹಂಚಿಕೊಂಡವು. ಬಳ್ಳಾರಿ, ಬೆಳಗಾವಿಯಲ್ಲಿ ಲಂಡನ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕರಾವಳಿ ಮತ್ತು ಧಾರವಾಡ ಸೀಮೆಯಲ್ಲಿ ಬೇರೂರಿತು. ಮೈಸೂರು ಸಂಸ್ಥಾನದ ಬಹುಭಾಗ ವೆಸ್ಲಿಯನ್ ಮಿಷನ್‌ನದು.

ನಮ್ಮ ಭಾಗಕ್ಕೆ ಬಂದವರು ವೆಸ್ಲಿಯನ್ನರು. ಬೆಳ್ಳಾವಿಗೆ ಹತ್ತಿರದ ಗುಬ್ಬಿಯಲ್ಲಿ 1830ರ ದಶಕದ ಕೊನೆಯ ಹೊತ್ತಿಗೇ ಅವರ ಕೇಂದ್ರವಿತ್ತು. ಅಲ್ಲಿ ಕೆಲಸ ಮಾಡಿದ ವಿಲಿಯಂ ಆರ್ಥರ್ 1847ರಲ್ಲಿ ಮೈಸೂರು ಮಿಷನ್ ಬಗ್ಗೆ ಪುಸ್ತಕ ಬರೆದರು. ಥಾಮಸ್ ಹಾಡ್ಸನ್ 1877ರಲ್ಲಿ ಪ್ರಕಟಿಸಿದ ‘ಓಲ್ಡ್ ಡೇನಿಯಲ್’ ಗುಬ್ಬಿ ಸೀಮೆಯ ಒಬ್ಬ ಮತಾಂತರಿ ಮತ್ತು ಇಲ್ಲಿನ ಹಳ್ಳಿ ಬದುಕಿನ ಕುರಿತದ್ದು.

ಹೀಗಾಗಿ ನಮ್ಮ ಅಜ್ಜ-ಮುತ್ತಜ್ಜಂದಿರು ಇಂಗ್ಲೆಂಡಿನ ಚರ್ಚುಗಳ ನಡುವಿನ ವಾದಗಳನ್ನು ಓದಿ, ತೂಗಿ ನೋಡಿ ವೆಸ್ಲಿಯನ್ ಆದವರಲ್ಲ. ಗುಬ್ಬಿಯಲ್ಲಿದ್ದಿದ್ದಕ್ಕೆ ವೆಸ್ಲಿಯನ್ ಆದರು. ಧಾರವಾಡದಲ್ಲಿ ಹುಟ್ಟಿದ್ದರೆ ಬಾಸೆಲ್ ಮಿಷನ್‌ನವರಾಗುತ್ತಿದ್ದರು, ಬಳ್ಳಾರಿಯಲ್ಲಾಗಿದ್ದರೆ ಲಂಡನ್ ಮಿಷನ್‌ನವರು. ಯುರೋಪಿನ ಹಳೇ ಜಗಳಗಳು ನಮಗೆ ವಿಳಾಸದ ಜೊತೆ ಬಂದವು.

1947: ಮೇಲಿನಿಂದ ಬಂದ ಐಕ್ಯ

ಈ ಜಗಳ ನಮ್ಮದಲ್ಲ ಅಂತ ಗಟ್ಟಿಯಾಗಿ ಹೇಳಿದವರು ಭಾರತೀಯ ಕ್ರೈಸ್ತ ನಾಯಕರು. 1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ 33 ಜನ ಸೇರಿದರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಅವರಲ್ಲಿ ಪ್ರಮುಖರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವಿ.ಎಸ್. ಅಜರಯ್ಯ. ಪಶ್ಚಿಮದ ಇತಿಹಾಸ ತಮ್ಮ ಮೇಲೆ ಹೇರಿದ ವಿಭಜನೆಯನ್ನು ತಾವು ಹೊತ್ತು ತಿರುಗಬೇಕಿಲ್ಲ ಅನ್ನುವುದು ಅವರ ವಾದದ ತಿರುಳು. ಸ್ವಾತಂತ್ರ್ಯ ಚಳವಳಿಯ ಗಾಳಿ ಚರ್ಚಿನೊಳಗೂ ಬೀಸಿತ್ತು.

ಮಾತುಕತೆ 28 ವರ್ಷ ನಡೆಯಿತು. ಸ್ವಾತಂತ್ರ್ಯ ಬಂದು ಆರು ವಾರ ಕಳೆದ ಮೇಲೆ, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಹಿನ್ನೆಲೆಯವರು ಒಂದಾದರು. ಬಿಷಪ್‌ಗಳಿರುವ ಸಭೆ ಮತ್ತು ಬಿಷಪ್‌ಗಳಿಲ್ಲದ ಸಭೆಗಳು ಹೀಗೆ ಒಂದಾದದ್ದು ಜಗತ್ತಿನ ಗಮನ ಸೆಳೆಯಿತು. ಗುಬ್ಬಿ, ತುಮಕೂರಿನ ವೆಸ್ಲಿಯನ್ನರು ಸಿಎಸ್‌ಐ ಆದದ್ದು ಹೀಗೆ. ಈ ಐಕ್ಯದ ಒಂದು ಷರತ್ತು ಇವತ್ತಿಗೂ ಕಲಿಯುವಂಥದ್ದು: ಯಾವ ಸಭೆಯ ಮೇಲೂ ಅದಕ್ಕೆ ರೂಢಿಯಿಲ್ಲದ ಆರಾಧನಾ ಕ್ರಮವನ್ನು ಹೇರುವಂತಿಲ್ಲ. ಒಂದಾಗಲು ಒಂದೇ ಥರ ಆಗಬೇಕಿಲ್ಲ ಅನ್ನುವುದನ್ನು ಅವರು ಒಪ್ಪಂದದಲ್ಲೇ ಬರೆದಿಟ್ಟರು.

ಕ್ಯಾಥೊಲಿಕರ ಕಡೆಯಿಂದ ಬಾಗಿಲು ತೆರೆದದ್ದು ಎರಡನೇ ವ್ಯಾಟಿಕನ್ ಸಮ್ಮೇಳನದಲ್ಲಿ. 1964ರ ನವೆಂಬರ್‌ನಲ್ಲಿ ಹೊರಬಂದ ಐಕ್ಯತೆಯ ನಿರ್ಣಯ ಉಳಿದ ಕ್ರೈಸ್ತರನ್ನು ‘ಅಗಲಿದ ಸಹೋದರರು’ ಎಂದು ಗುರುತಿಸಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಅದಕ್ಕೂ ಮೊದಲೇ, 1910ರಿಂದಲೇ, ಹಲವು ಸಭೆಗಳವರನ್ನು ಒಂದೇ ತರಗತಿಯಲ್ಲಿ ಕೂರಿಸಿತ್ತು.

ಇಷ್ಟೆಲ್ಲ ಆಗಿದೆ. ಆದರೆ ಇದೆಲ್ಲ ನಡೆದದ್ದು ಬಿಷಪ್‌ಗಳು, ಸಮಿತಿಗಳು, ಕಾಲೇಜುಗಳ ಮಟ್ಟದಲ್ಲಿ. ಒಂದು ಸಂವಿಧಾನ, ಒಂದು ಹೆಸರು ಬಂದ ಮೇಲೂ ಅಧಿಕಾರ ಮತ್ತು ಆಸ್ತಿಯ ಜಗಳ ನಿಂತಿಲ್ಲ. ಸಿಎಸ್‌ಐನ ಪರಮೋಚ್ಚ ಹುದ್ದೆಯಾದ ಮಾಡರೇಟರ್ ಆಯ್ಕೆಯ ತಕರಾರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ. ಬೆಂಗಳೂರಿನ ಕ್ಯಾಥೊಲಿಕರಲ್ಲಿ ಪೂಜೆ ಕನ್ನಡದಲ್ಲೋ ತಮಿಳಿನಲ್ಲೋ ಅನ್ನುವ ತಿಕ್ಕಾಟಕ್ಕೆ ದಶಕಗಳ ಇತಿಹಾಸವಿದೆ. ಸಂಸ್ಥೆ ಒಂದಾದ ಮಾತ್ರಕ್ಕೆ ಜನ ಒಂದಾಗುವುದಿಲ್ಲ.

ಪಂಗಡಕ್ಕಿಂತ ಹಳೆಯ ಗೋಡೆ: ಜಾತಿ

ಐಕ್ಯತೆಯ ಭಾಷಣಗಳಲ್ಲಿ ಸಾಮಾನ್ಯವಾಗಿ ಕೇಳದ ಪದ ಇದು. ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನಲ್ಲಿ ಕ್ಯಾಥೊಲಿಕ್ ಸ್ಮಶಾನದೊಳಗೇ ದಲಿತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆ ಇರುವುದು ದೇಶಕ್ಕೇ ಗೊತ್ತು. ನಮ್ಮ ಕಡೆ ಇಟ್ಟಿಗೆಯ ಗೋಡೆ ಕಾಣದಿರಬಹುದು. ಹೆಣ್ಣು-ಗಂಡು ನೋಡುವಾಗ, ಸಭಾ ಸಮಿತಿಗೆ ಹೆಸರು ಸೂಚಿಸುವಾಗ ಆ ಗೋಡೆ ಇದೆ ಅಂತ ಎಲ್ಲರಿಗೂ ಗೊತ್ತು.

ಸರ್ಕಾರದ ಕಾನೂನು ಈ ಗೋಡೆಗೆ ಮತ್ತೊಂದು ಸಾಲು ಇಟ್ಟಿಗೆ ಇಟ್ಟಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಣೆಯಾಯಿತು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ಈ ವಿಷಯ ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ಅಂದರೆ ಕ್ರೈಸ್ತರೊಳಗೆ ಜಾತಿ ಇದೆ ಅಂತ ರಾಜ್ಯವೇ ಒಪ್ಪಿದೆ. ಆದರೆ ಊರಿನಲ್ಲಿ ದೌರ್ಜನ್ಯ ನಡೆದರೆ ಆ ವ್ಯಕ್ತಿಯ ಪರ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ನಿಲ್ಲುವುದು ಕಷ್ಟ.

ಪರಿಣಾಮ ಏನು? ಎಷ್ಟೋ ಜನ ಕಾಗದದಲ್ಲಿ ಒಂದು, ನಂಬಿಕೆಯಲ್ಲಿ ಇನ್ನೊಂದಾಗಿ ಬದುಕುತ್ತಾರೆ. ಇಂಥವರನ್ನು ‘ಅರೆಬರೆ ಕ್ರೈಸ್ತರು’ ಅಂತ ಹೀಯಾಳಿಸುವವರು ಚರ್ಚಿನೊಳಗೇ ಇದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಶುರುವಾದಾಗ, ಜಾತಿಯ ಹೆಸರಿನ ಮುಂದೆ ‘ಕ್ರಿಶ್ಚಿಯನ್’ ಎಂದು ಸೇರಿಸಿದ ಪಟ್ಟಿ ದೊಡ್ಡ ರಾಜಕೀಯ ವಿವಾದವಾಯಿತು. ಹೊರಗಿನವರಿಗೆ ಅದು ಮತಾಂತರದ ಸಾಕ್ಷಿಯಾಗಿ ಕಂಡಿತು. ಒಳಗಿನ ಕೆಲವರಿಗೆ ಮುಜುಗರವಾಯಿತು. ಆ ಕಾಲಂ ಯಾಕೆ ಬೇಕಾಗುತ್ತದೆ ಅನ್ನುವ ಪ್ರಶ್ನೆ ಮಾತ್ರ ಗದ್ದಲದಲ್ಲಿ ಮುಳುಗಿತು.

ಒಳಮೀಸಲಾತಿ ಹೋರಾಟವನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸ ಪಾಠವಲ್ಲ. ‘ಎಲ್ಲರೂ ಒಂದೇ’ ಅನ್ನುವ ಘೋಷಣೆ ಕೆಳಗಿನವರ ಪಾಲಿನ ಲೆಕ್ಕ ಕೇಳದಂತೆ ಬಾಯಿ ಮುಚ್ಚಿಸುವುದಾದರೆ, ಅದನ್ನು ಒಗ್ಗಟ್ಟು ಅನ್ನೋದಕ್ಕಾಗಲ್ಲ.

2008: ‘ನಾವು ಅವರಲ್ಲ’

2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಅಡೋರೇಷನ್ ಮಾನೆಸ್ಟರಿಯ ಪ್ರಾರ್ಥನಾಲಯಕ್ಕೆ ಗುಂಪೊಂದು ನುಗ್ಗಿ ಧ್ವಂಸ ಮಾಡಿತು. ಅದೇ ದಿನ ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲೂ ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿಗಳಾದವು. ದಾಳಿಯನ್ನು ಸಮರ್ಥಿಸಿಕೊಂಡದ್ದು ಬಜರಂಗದಳದ ಆಗಿನ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್. ಮುಂದೆ ಅವರೇ ಸಂಘ ಪರಿವಾರದಿಂದ ಹೊರಬಂದು ಅದರ ಕಟು ಟೀಕಾಕಾರರಾದರು. ‘ನ್ಯೂ ಲೈಫ್’ ಎಂಬ ಸ್ವತಂತ್ರ ಸಭೆ ಮತಾಂತರ ಮಾಡುತ್ತಿದೆ, ‘ಸತ್ಯದರ್ಶಿನಿ’ ಎಂಬ ಪುಸ್ತಿಕೆ ಹಿಂದೂ ದೇವರನ್ನು ಅವಮಾನಿಸಿದೆ ಅನ್ನುವುದು ಆಗ ಕೊಟ್ಟ ಕಾರಣ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಆರೋಪ ಹೊರಿಸಿದ್ದು ನ್ಯೂ ಲೈಫ್ ಮೇಲೆ. ಏಟು ಬಿದ್ದದ್ದು ಮುಚ್ಚಿದ ಮಠದೊಳಗೆ ಪ್ರಾರ್ಥನೆಯಲ್ಲೇ ಬದುಕು ಕಳೆಯುವ ಕ್ಯಾಥೊಲಿಕ್ ಸನ್ಯಾಸಿನಿಯರ ಸ್ಥಳಕ್ಕೆ. ಆ ದಿನಗಳಲ್ಲಿ ‘ಮತಾಂತರ ಮಾಡುವವರು ನಾವಲ್ಲ, ಅವರು’ ಅನ್ನುವ ಮಾತು ಹಳೆಯ ಸಭೆಗಳ ಒಳಗಿನಿಂದಲೂ ಕೇಳಿಬಂತು. ಭಯದಲ್ಲಿ ಬಂದ ಮಾತು ಅದು, ಅರ್ಥವಾಗುತ್ತೆ. ಆದರೆ ಆ ಮಾತಿನೊಳಗೆ ಒಂದು ಒಪ್ಪಿಗೆ ಅಡಗಿದೆ: ಅವರ ಮೇಲೆ ದಾಳಿಯಾದರೆ ಪರವಾಗಿಲ್ಲ, ನೀವು ವಿಳಾಸ ತಪ್ಪಿದ್ದೀರಿ ಅಷ್ಟೇ. ದಾಳಿಕೋರರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು. ಕ್ರೈಸ್ತ ಸಂಘಟನೆಗಳು ಅದನ್ನು ತಿರಸ್ಕರಿಸಿದವು. ಆ ಹೊತ್ತಿಗೆ ಪಂಗಡ ಮರೆತು ಒಂದೇ ದನಿ ಬಂತು. ಆದರೆ ಏಟು ಬಿದ್ದ ಮೇಲೆ.

2022ರ ಕಾಯ್ದೆಗೆ ಪಂಗಡ ಕಾಣುವುದಿಲ್ಲ

2021ರ ಸೆಪ್ಟೆಂಬರ್‌ನಲ್ಲಿ ಆಗಿನ ಹೊಸದುರ್ಗ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ತಾಯಿಯೇ ಮತಾಂತರವಾಗಿದ್ದಾರೆ ಎಂದು ವಿಧಾನಸಭೆಯಲ್ಲಿ ಹೇಳಿದರು. ಹೊಸದುರ್ಗ ನಮ್ಮ ಜಿಲ್ಲೆಯ ಗಡಿಗೇ ಅಂಟಿಕೊಂಡ ತಾಲ್ಲೂಕು. ಅಲ್ಲಿನ ತಹಶೀಲ್ದಾರರು ಕೆಲವು ಹಳ್ಳಿಗಳಲ್ಲಿ ವಿಚಾರಿಸಿ, ಬಲವಂತದ ಮತಾಂತರ ಕಂಡುಬಂದಿಲ್ಲ ಎಂದು ವರದಿ ಕೊಟ್ಟರು. ಆಮೇಲೆ ಅವರ ವರ್ಗಾವಣೆಯಾಯಿತು. ಡಿಸೆಂಬರ್‌ನಲ್ಲಿ ಮತಾಂತರ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಯಿತು. 2022ರ ಮೇನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಒಪ್ಪಿಗೆ.

ಕಾಯ್ದೆಯೊಳಗೆ ಏನಿದೆ ಅಂತ ಓದಿದರೆ ಒಗ್ಗಟ್ಟಿನ ಪ್ರಶ್ನೆ ಯಾಕೆ ತುರ್ತಿನದು ಅನ್ನೋದು ತಿಳಿಯುತ್ತೆ:

– ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಅದನ್ನು ಸಾರ್ವಜನಿಕವಾಗಿ ಪ್ರಕಟಿಸಿ ಆಕ್ಷೇಪಣೆ ಕರೆಯಲಾಗುತ್ತದೆ.
– ರಕ್ತಸಂಬಂಧಿಗಳಷ್ಟೇ ಅಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು.
– ತಾನು ಬಲವಂತ ಮಾಡಿಲ್ಲ ಎಂದು ಸಾಬೀತು ಮಾಡುವ ಹೊರೆ ಆರೋಪಿಯದೇ.
– ಸಾಮಾನ್ಯ ಶಿಕ್ಷೆ 3ರಿಂದ 5 ವರ್ಷ. ಮತಾಂತರವಾದವರು ಮಹಿಳೆ, ಅಪ್ರಾಪ್ತರು ಅಥವಾ ಪರಿಶಿಷ್ಟರಾದರೆ 10 ವರ್ಷದವರೆಗೆ.
– ‘ಆಮಿಷ’ದ ವ್ಯಾಖ್ಯೆಯಲ್ಲಿ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯ ಉಚಿತ ಶಿಕ್ಷಣವೂ ಸೇರಿದೆ.

ಕೊನೆಯ ಅಂಶ ಮತ್ತೊಮ್ಮೆ ಓದಿ. ಶೀಟಿನ ಕೆಳಗೆ ಪ್ರಾರ್ಥನೆ ನಡೆಸುವ ಪಾಸ್ಟರ್ ಮಾತ್ರವಲ್ಲ, ನೂರು ವರ್ಷದ ಕಾನ್ವೆಂಟು, ಮಿಷನ್ ಹೈಸ್ಕೂಲು ಕೂಡ ಈ ಬಲೆಯೊಳಗೆ ಬರಬಹುದು. ‘ನಾವು ಆ ಥರದ ಕ್ರೈಸ್ತರಲ್ಲ’ ಅನ್ನುವ ರಕ್ಷಣೆ ಈ ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. ದಲಿತರಿಗಂತೂ ಎರಡು ಬೀಗ. ಮತಾಂತರ ದಾಖಲಾದ ಕೂಡಲೇ ಸವಲತ್ತುಗಳ ಮರುವರ್ಗೀಕರಣಕ್ಕೆ ಇಲಾಖೆಗಳಿಗೆ ತಿಳಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ಈ ಸಲ ಪ್ರತಿಕ್ರಿಯೆ 2008ಕ್ಕಿಂತ ಬೇರೆಯಾಗಿತ್ತು. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ನೇತೃತ್ವದ ಅಖಿಲ ಕರ್ನಾಟಕ ಸಂಯುಕ್ತ ಕ್ರೈಸ್ತ ಮಾನವ ಹಕ್ಕುಗಳ ವೇದಿಕೆಯೂ, ಇವ್ಯಾಂಜೆಲಿಕಲ್ ಫೆಲೋಶಿಪ್ ಆಫ್ ಇಂಡಿಯಾವೂ ಹೈಕೋರ್ಟಿಗೆ ಹೋದವು. ಕ್ಯಾಥೊಲಿಕರೂ ಇವ್ಯಾಂಜೆಲಿಕಲರೂ ಒಂದೇ ಪಕ್ಕದಲ್ಲಿ ನಿಂತರು. ಹಿಂದೆ ಸುಲಭಕ್ಕೆ ಕಾಣದ ದೃಶ್ಯ ಇದು. 2023ರ ಜೂನ್ 15ರಂದು ಹೊಸ ಸರ್ಕಾರದ ಸಂಪುಟ ಕಾಯ್ದೆ ಹಿಂಪಡೆಯಲು ತೀರ್ಮಾನಿಸಿತು. ಒಟ್ಟಾಗಿ ಎತ್ತಿದ ದನಿಗೆ ರಾಜಕೀಯ ಬೆಲೆ ಇದೆ ಅನ್ನುವುದಕ್ಕೆ ಇದು ಪುರಾವೆ.

ಎರಡು ಆಕ್ಷೇಪಗಳು

ಮೊದಲನೆಯದು: ‘ಒಗ್ಗಟ್ಟು ಅಂದರೆ ವೋಟ್ ಬ್ಯಾಂಕ್ ತಾನೇ?’ ರಾಜ್ಯದಲ್ಲಿ ಶೇ. 2ಕ್ಕೂ ಕಡಿಮೆ ಇರುವ, ಅದರಲ್ಲೂ ಚದುರಿರುವ ಜನ ತುಮಕೂರು ಗ್ರಾಮಾಂತರದಂಥ ಕ್ಷೇತ್ರದ ಫಲಿತಾಂಶ ಬದಲಿಸುವುದು ದೂರದ ಮಾತು. ನಾವು ಕೇಳುತ್ತಿರುವುದು ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟಿರುವುದನ್ನು. ಅದನ್ನು ಕೇಳಲು ಪಕ್ಷ ಬೇಕಿಲ್ಲ.

ಎರಡನೆಯದು ಹೆಚ್ಚು ಗಂಭೀರ: ‘ಬೇರೆ ದೇವರನ್ನು ಹೀಯಾಳಿಸುವ, ಪ್ರಾರ್ಥನೆಯಿಂದಲೇ ಕ್ಯಾನ್ಸರ್ ವಾಸಿಯಾಗುತ್ತೆ ಅನ್ನುವ ಪಾಸ್ಟರ್ ಪರವಾಗಿಯೂ ನಿಲ್ಲಬೇಕಾ?’ ಅವರ ಮಾತಿನ ಪರ ನಿಲ್ಲಬೇಕಿಲ್ಲ. ಅಂಥ ಮಾತು ತಪ್ಪು ಅಂತ ಮುಖಕ್ಕೆ ಹೇಳುವ ಹಕ್ಕು ಮತ್ತು ಹೊಣೆ ಮೊದಲು ಉಳಿದ ಕ್ರೈಸ್ತರದೇ. ಆದರೆ ಗುಂಪು ಕಟ್ಟಿಕೊಂಡು ಬಂದು ಅವರ ಮನೆ ಬಾಗಿಲು ಒಡೆಯುವ ಹಕ್ಕು ಯಾರಿಗೂ ಇಲ್ಲ. ಒಳಗೆ ಟೀಕೆ, ಹೊರಗೆ ರಕ್ಷಣೆ: ಈ ಎರಡನ್ನೂ ಒಟ್ಟಿಗೆ ಮಾಡಬಹುದು. ತಾವೇ ಟೀಕಿಸದೆ ಸುಮ್ಮನಿದ್ದು, ಬೇರೆಯವರು ಹೊಡೆಯುವಾಗಲೂ ಸುಮ್ಮನಿರುವುದೇ ಇಲ್ಲಿಯತನಕ ಆಗಿರುವ ಅನಾಹುತ.

ಹೋಬಳಿ ಮಟ್ಟದ ಐಕ್ಯತೆ

ಯೇಸು ತನ್ನ ಕೊನೆಯ ರಾತ್ರಿ, ತನ್ನನ್ನು ನಂಬುವವರೆಲ್ಲ ಒಂದಾಗಿರಲಿ ಎಂದು ಪ್ರಾರ್ಥಿಸಿದನೆಂದು ಯೋಹಾನನ ಸುವಾರ್ತೆಯ 17ನೇ ಅಧ್ಯಾಯ ಹೇಳುತ್ತದೆ. ಲೋಕ ನಂಬಲಿ ಅನ್ನುವುದಕ್ಕಾಗಿ ಆ ಐಕ್ಯ. ಅಂದರೆ ಅದು ಹೊರಗಿನವರ ಕಣ್ಣಿಗೆ ಕಾಣಬೇಕು. ಸಿನಡ್ ಸಭೆಯ ನಿರ್ಣಯ ಬೆಳ್ಳಾವಿಯ ಸಂತೆಯಲ್ಲಿ ಯಾರಿಗೂ ಕಾಣುವುದಿಲ್ಲ. ಕಾಣುವ ವಿಷಯಗಳು ಬೇರೆ.

ಒಂದು, ಹೆಣ ಹೂಳುವ ಜಾಗ. ಸ್ವತಂತ್ರ ಸಭೆಗಳ ಬಡ ಕುಟುಂಬಗಳಿಗೆ ಹಳ್ಳಿಗಳಲ್ಲಿ ಸ್ಮಶಾನವೇ ಇರುವುದಿಲ್ಲ. ಹಳೆಯ ಚರ್ಚುಗಳಿಗೆ ಜಾಗ ಇರುತ್ತೆ, ಆದರೆ ಸದಸ್ಯತ್ವದ ಪುಸ್ತಕ ತೆರೆದು ನೋಡುತ್ತಾರೆ. ಸಾವಿನ ಮನೆಯಲ್ಲಿ ಸದಸ್ಯತ್ವ ಕೇಳುವ ಸಭೆ ಐಕ್ಯತೆಯ ಬಗ್ಗೆ ಎಷ್ಟು ಉಪದೇಶ ಕೊಟ್ಟರೂ ವ್ಯರ್ಥ.

ಎರಡು, ಪೊಲೀಸ್ ಠಾಣೆ. ಸಣ್ಣ ಪ್ರಾರ್ಥನಾ ಗುಂಪಿನ ಮೇಲೆ ದೂರು ದಾಖಲಾದರೆ, ಮೊದಲ ರಾತ್ರಿ ಠಾಣೆಗೆ ಬರುವ ವಕೀಲರು ಯಾರು? ದೊಡ್ಡ ಸಭೆಗಳಿಗೆ ವಕೀಲರೂ ಇದ್ದಾರೆ, ಅಧಿಕಾರಿಗಳ ಪರಿಚಯವೂ ಇದೆ. ಜಿಲ್ಲೆಗೊಂದು ಜಂಟಿ ಕಾನೂನು ನೆರವು ತಂಡ ಮಾಡಲು ಧರ್ಮಶಾಸ್ತ್ರದ ಒಮ್ಮತ ಬೇಕಿಲ್ಲ.

ಮೂರು, ದಲಿತ ಕ್ರೈಸ್ತರ ಹಕ್ಕು. ಪರಿಶಿಷ್ಟ ಸ್ಥಾನಮಾನದ ಬೇಡಿಕೆಯನ್ನು ಪ್ರಬಲ ಜಾತಿ ಮೂಲದ ಕ್ರೈಸ್ತರೂ ಎತ್ತಬೇಕು. ಅದಕ್ಕೂ ಮೊದಲು ತಮ್ಮ ಶಾಲೆ, ಆಸ್ಪತ್ರೆ, ಸಭಾ ಸಮಿತಿಗಳಲ್ಲಿ ಯಾರಿದ್ದಾರೆ ಅಂತ ಲೆಕ್ಕ ಕೊಡಬೇಕು.

ನಾಲ್ಕು, ಕನ್ನಡ. ಬಳ್ಳಾರಿ, ಮಂಗಳೂರು, ಮೈಸೂರಿನ ಬೇರೆ ಬೇರೆ ಮಿಷನ್‌ಗಳು ಅಚ್ಚಿನ ಮೊಳೆ, ನಿಘಂಟು, ಪತ್ರಿಕೆಗಳನ್ನು ಕೊಟ್ಟು ಹೋದದ್ದು ಎಲ್ಲ ಕನ್ನಡಿಗರಿಗೆ. ‘ಸುವಾರ್ತೆ’ ಮತ್ತು ‘ಶುಭಸಂದೇಶ’ ಎರಡೂ ನಮ್ಮವೇ ಪದಗಳು. ಒಬ್ಬರ ಪದವನ್ನು ಇನ್ನೊಬ್ಬರು ಬಳಸಿದರೆ ಯಾರ ನಂಬಿಕೆಯೂ ಸವೆಯುವುದಿಲ್ಲ.

ಚರ್ಚಿಗೆ ಹೋಗುವ ಯುವಜನರು ಮುಂದಿನ ಸಲ ‘ಐಕ್ಯತೆ’ಯ ಕಾರ್ಯಕ್ರಮದ ಕರೆ ಬಂದಾಗ ಒಂದೇ ಪ್ರಶ್ನೆ ಕೇಳಿ: ವೇದಿಕೆ ಮೇಲೆ ಆ ಶೀಟಿನ ಮನೆಯ ಪಾಸ್ಟರಿಗೆ ಕುರ್ಚಿ ಇದೆಯಾ? ಇಲ್ಲ ಅಂದರೆ ಯಾಕಿಲ್ಲ ಅಂತ ಎದ್ದು ನಿಂತು ಕೇಳಿ. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ್ದು 33 ಜನ ಮಾತ್ರ. ಅವರಿಗಿಂತ ಹೆಚ್ಚು ಜನ ನಿಮ್ಮ ಸಭೆಯ ಯುವಜನ ಸಂಘದ ವಾಟ್ಸಾಪ್ ಗುಂಪಿನಲ್ಲೇ ಇರುತ್ತಾರೆ.